ಚಿಕ್ಕಮಾರಡಿಯ ದಾರಿ

ಪಾರಮ್ಮ ಕೊಪ್ಪಳದಾಚೆ ಕಂಡದ್ದು ಎರಡೇ ಊರು. ಒಂದು ತವರುಮನೆ ಯಲಬುರ್ಗಾ, ಇನ್ನೊಂದು ಹರಕೆ ತೀರಿಸಲು ಹೋಗಿದ್ದ ಹುಲಿಗಿ. ಆದರೆ ಇಂಗ್ಲೆಂಡಿನ ಒಂದು ದಾರಿ ಮಾತ್ರ ಅವಳಿಗೆ ಬಾಯಿಪಾಠವಾಗಿತ್ತು. ಕಾಲುವೆಯ ದಂಡೆಯಿಂದ ಹೊರಡಬೇಕು. ಕಮಾನಿನ ಸೇತುವೆ ಸಿಕ್ಕಲ್ಲಿ ಎಡಕ್ಕೆ ಹೊರಳಬೇಕು. ಅಲ್ಲಿಂದ ಮುಂದೆ ದಾರಿಯ ಎರಡೂ ಬದಿಗೆ ಎದೆಯೆತ್ತರದ ಹಸಿರು ಬೇಲಿ, ಬೇಲಿಯಾಚೆ ಮೇಯುವ ಕುರಿ. ಏರು ಹತ್ತಿದರೆ ಚೂಪು ಗೋಪುರದ ಚರ್ಚು; ಆ ಊರು ಗ್ರೇಟ್ ಮಾರ್ಡನ್. ಚರ್ಚಿನ ಮಗ್ಗುಲಿಗೇ ಇಳಿಜಾರು. ಅಲ್ಲಿ ಪೆಡಲ್ ತುಳಿಯುವ ಕೆಲಸವೇ ಇಲ್ಲ, ಸುಮ್ಮನೆ ಕೂತರೆ ಸಾಕು, ಸೈಕಲ್ಲು ತಾನೇ ಇಳಿದು ತೊರೆಯ ದಂಡೆಗೆ ಮುಟ್ಟಿಸುತ್ತದೆ. ಆ ಊರು ಲಿಟ್ಲ್ ಮಾರ್ಡನ್. ಅಲ್ಲೊಬ್ಬ ಮುದುಕಿ ಅಂಗಳದಲ್ಲಿ ಮೇಜು ಹಾಕಿ ಚಹಾ ಮಾರುತ್ತಾಳೆ.

ಗಂಡ ಹುಲಗಪ್ಪ ಈ ದಾರಿಯನ್ನು ಮೊದಲ ಸಲ ಹೇಳಿದಾಗ ಪಾರಮ್ಮ ಕೇಳಿದ್ದಳು, "ಗ್ರೇಟ್ ಅಂದ್ರ ಏನ್ರಿ?"

"ದೊಡ್ಡದು. ಲಿಟ್ಲ್ ಅಂದ್ರ ಸಣ್ಣದು."

"ಹಂಗಾದ್ರ ಹಿರೇಮಾರಡಿ, ಚಿಕ್ಕಮಾರಡಿ ಅನ್ರಲ್ಲ. ನಮ್ಮ ಕಡಿ ಊರು ಇದ್ದಂಗ ಅದಾವ."

ಹುಲಗಪ್ಪ ನಕ್ಕಿದ್ದ. ಆದರೆ ಆ ಹೆಸರುಗಳೇ ಮನೆಯಲ್ಲಿ ಉಳಿದವು. ಓಣಿಯವರೂ ಅದನ್ನೇ ಹಿಡಿದರು.

ಹುಲಗಪ್ಪ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಜರ್ಮನಿಯೊಡನೆ ಯುದ್ಧ ಜೋರಾದಾಗ ಸರ್ಕಾರ ಕೈಕೆಲಸ ಬಲ್ಲ ಕೆಲವು ಹುಡುಗರನ್ನು ಆರಿಸಿ, ಯಂತ್ರದ ಕೆಲಸ ಕಲಿಸಲು ಇಂಗ್ಲೆಂಡಿಗೆ ಹಡಗು ಹತ್ತಿಸಿತು. ಅವರಲ್ಲಿ ಇವನೂ ಒಬ್ಬ. ತಿರುಗಿ ಬಂದ ವರ್ಷವೇ ಲೇಥ್ ಯಂತ್ರಕ್ಕೆ ಎಡಗೈಯ ಎರಡು ಬೆರಳು ಕೊಟ್ಟು, ಆ ಕೆಲಸ ಬಿಟ್ಟು, ಕೊಪ್ಪಳದ ಅರಳೆ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಇಂಗ್ಲೆಂಡಿನಿಂದ ಬರುವಾಗ ಮುಂಬಯಿಯಲ್ಲಿ ಕೊಂಡ ಹಳೆಯದೊಂದು ಇಂಗ್ಲಿಷ್ ಸೈಕಲ್ಲು ತಂದಿದ್ದ. ಅದರ ಜೊತೆಗೆ ಅಂಗೈಯಗಲದ ಒಂದು ಪುಸ್ತಕ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ ಮೇಲೆ ತಿರುಗುವವರಿಗೆಂದು ಮಾಡಿದ್ದು. ಅದರ ತುಂಬ ಬಣ್ಣದ ನಕಾಶೆ, ಸೇತುವೆ, ಚರ್ಚು, ಬಾತುಕೋಳಿಗಳ ಚಿತ್ರ.

ಕೊಪ್ಪಳವಿದ್ದ ನಿಜಾಮರ ಸೀಮೆಯಲ್ಲಿ ಶುಕ್ರವಾರ ಸೂಟಿ. ಗಿರಣಿ ನಿಂತ ದಿನ ಹುಲಗಪ್ಪ ಸೈಕಲ್ಲು ಒರೆಸಿ, ಎಣ್ಣೆ ಬಿಟ್ಟು, ಒಂದು ವಾರ ಗಂಗಾವತಿಯ ಕಡೆ, ಇನ್ನೊಂದು ವಾರ ಕುಷ್ಟಗಿಯ ಕಡೆ ಹೊರಟುಬಿಡುತ್ತಿದ್ದ. ಅವನ ತಾಯಿ ದುರುಗವ್ವ ಪ್ರತಿ ಸಲವೂ ಹೊಸ್ತಿಲಲ್ಲಿ ಕೇಳುವಳು, "ಹುಲಗ್ಯಾ, ಏನ್ ಕೆಲಸ ಐತೋ ಅಲ್ಲಿ?" ಅವನು, "ಕೆಲಸ ಇಲ್ಲವ್ವಾ, ಸುಮ್ನ ನೋಡಿ ಬರತೀನಿ" ಎನ್ನುವನು. ಕೆಲಸವಿಲ್ಲದೆ ಹೊರಡುವ ಸುಖ ಏನೆಂದು ದುರುಗವ್ವನಿಗೆ ತಿಳಿಯಲಿಲ್ಲ. ಪಾರಮ್ಮನಿಗೆ ತಿಳಿಯಿತು. ಕಷ್ಟ ಶುರುವಾದದ್ದು ಅಲ್ಲಿಯೇ.

ಸಂಜೆ ಮನೆಯ ಮುಂದಿನ ಕಟ್ಟೆಗೆ ಓಣಿಯ ಗಂಡಸರು ಬಂದು ಕೂರುತ್ತಿದ್ದರು. ಹುಲಗಪ್ಪ ಪುಸ್ತಕ ಬಿಚ್ಚಿ ದಾರಿ ಹೇಳುತ್ತಿದ್ದ. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು. ಒಂದು ಸಂಜೆ ಅವನು ದನಿ ಏರಿಸಿ ಹೇಳಿದ, "ಅಲ್ಲಿ ಹೆಣ್ಮಕ್ಕಳೂ ಸೈಕಲ್ ಹೊಡಿತಾರ. ಮುದುಕೇರು ಸೈತ ಮುಂದ ಬುಟ್ಟಿ ಕಟ್ಟಿಕೊಂಡು ಸಂತಿಗೆ ಹೋಗ್ತಾರ. ಒಬ್ಬರು ತಿರುಗಿ ನೋಡಂಗಿಲ್ಲ. ನಮ್ಮ ಮಂದಿ ಅದಾರ ನೋಡ್ರಿ, ಬಾವ್ಯಾಗಿನ ಕಪ್ಪಿ!"

ಮರುದಿನ ಅವನು ಊಟಕ್ಕೆ ಕೂತಾಗ ಪಾರಮ್ಮ ರೊಟ್ಟಿ ನೀಡುತ್ತ ಕೇಳಿದಳು, "ನನಗೂ ಕಲಸ್ರಿ."

"ಏನು?"

"ಸೈಕಲ್ ಹೊಡಿಯೂದು."

ಹುಲಗಪ್ಪ ಮೊದಲು ನಕ್ಕ. ಅವಳು ನಗದೆ ನಿಂತದ್ದು ನೋಡಿ ಮುಖ ಗಂಟಿಕ್ಕಿದ. "ನಾ ಊರಾಗ ತಲಿ ಎತ್ತಿ ತಿರಗಬೇಕೊ ಬ್ಯಾಡೊ?"

"ಯಾರೂ ತಿರುಗಿ ನೋಡಂಗಿಲ್ಲ ಅಂದ್ರಲ್ಲ ನಿನ್ನೆ."

"ಅದು ಅಲ್ಲಿ."

ಮೀನಿನ ಮುಳ್ಳು ಗಂಟಲಿಗೆ ಸಿಕ್ಕಂತೆ ಆ ಮಾತು ಪಾರಮ್ಮನಿಗೆ ಸಿಕ್ಕಿಕೊಂಡಿತು. ನುಂಗಲೂ ಆಗದು, ಉಗುಳಲೂ ಆಗದು. ಕಟ್ಟೆಯ ಮೇಲೆ ಚಿಕ್ಕಮಾರಡಿಯ ಇಳಿಜಾರಿನ ವರ್ಣನೆ ಬಂದಾಗಲೆಲ್ಲ ಅವಳು ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡತೊಡಗಿದಳು.

ಆ ವರ್ಷ ಮುಂಗಾರಿಗೆ ಮೊದಲು ತವರಿನಿಂದ ಸುದ್ದಿ ಬಂತು. ತಂಗಿ ಕಳಕಮ್ಮ ಚೊಚ್ಚಲ ಬಸುರಿ, ಏಳನೆಯ ತಿಂಗಳಿಗೆ ಸೀಮಂತದ ಕುಬಸ, ತಪ್ಪದೆ ಬರಬೇಕು. ಪಾರಮ್ಮನೇ ಎತ್ತಿ ಆಡಿಸಿ ಬೆಳೆಸಿದ ತಂಗಿ. ಹಸಿರು ಖಣ ತೆಗೆದಿಟ್ಟುಕೊಂಡು ದಾರಿ ಕಾದಳು. ಯಲಬುರ್ಗಾಕ್ಕೆ ಹೋಗುತ್ತಿದ್ದ ಒಂದೇ ಬಸ್ಸು ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ನಿಂತು ಎಷ್ಟೋ ಕಾಲವಾಗಿತ್ತು. ಹುಲಗಪ್ಪ, "ಗಾಡಿ ಹೇಳೀನಿ, ಚಿಂತಿ ಮಾಡಬ್ಯಾಡ" ಎಂದ. ಅಷ್ಟರಲ್ಲಿ ಮಳೆ ಬಿತ್ತು. ಎತ್ತುಗಳೆಲ್ಲ ಬಿತ್ತುವ ಕೂರಿಗೆಗೆ ಹೋದವು. ಕುಬಸ ಇದ್ದದ್ದು ಶುಕ್ರವಾರ. ಬೆಳಗ್ಗೆಯೇ ಖಣ, ಅಕ್ಕಿ, ಬಳೆ ಕಟ್ಟಿಟ್ಟುಕೊಂಡು ಅವಳು ಕೂತಳು. ಗಾಡಿ ಬರಲಿಲ್ಲ. ಗಾಡಿಯನ್ನು ವಿಚಾರಿಸಲು ಹೋದವನೆಂದು ಅವಳು ತಿಳಿದಿದ್ದ ಗಂಡ ಸಂಜೆಗೆ ಸೈಕಲ್ಲು ತಳ್ಳುತ್ತ ಬಂದ, ಮುಖವೆಲ್ಲ ಅರಳಿಸಿಕೊಂಡು.

"ಇವತ್ತ ಗಂಗಾವತಿ ದಾಟಿ ಹೊಳಿತನಕ ಹೋಗಿದ್ದೆ ಪಾರೀ. ಕಾಲವಿ ನೀರು, ಬತ್ತದ ಸಸಿ, ಏನ್ ಹಸರು ಅಂತಿ! ಖರೇ ಹೇಳತೀನಿ, ಇಂಗ್ಲೆಂಡ್ ಕಂಡಂಗಾತು."

"ಕುಬಸ ಇವತ್ತ ಇತ್ತು," ಎಂದಳು ಪಾರಮ್ಮ.

ಹುಲಗಪ್ಪನ ಮುಖ ಇಳಿಯಿತು. "ಎಪ್ಪಾ, ಮರ್ತ ಹೋತು. ಇರಲಿ, ಮುಂದಿನ ವಾರ ಹೋಗಿ ನೋಡಿ ಬಂದ್ರಾತು."

ಮುಂದಿನ ವಾರ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಬಿತ್ತನೆ ಮುಗಿಯಲಿ ಎಂದು ದುರುಗವ್ವ, ಎತ್ತು ಸಿಗಲಿ ಎಂದು ಹುಲಗಪ್ಪ. ಹಟ್ಟಿಯ ಗೋಡೆಗೆ ಒರಗಿ ಸೈಕಲ್ಲು ನಿಂತೇ ಇತ್ತು. ಅದರ ಪಕ್ಕದಲ್ಲಿ ಎಮ್ಮೆಯ ಸೆಗಣಿ ಬಾಚುವಾಗ ಪಾರಮ್ಮನಿಗೆ ಕಣ್ಣಿಗೆ ಕತ್ತಲೆ ಬರುವಷ್ಟು ಸಿಟ್ಟು ಬರುತ್ತಿತ್ತು. ಸಿಟ್ಟು ಗಂಡನ ಮೇಲೋ, ಎತ್ತಿನ ಮೇಲೋ, ಸೈಕಲ್ಲಿನ ಮೇಲೋ ಎಂದು ಅವಳಿಗೇ ಬಗೆಹರಿಯುತ್ತಿರಲಿಲ್ಲ.

ಸ್ಟೇಷನ್ ದಾರಿಯಲ್ಲಿ ರಾಜಾಸಾಬನ ಸೈಕಲ್ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಆಳೆತ್ತರಕ್ಕಿಂತ ಎತ್ತರದ ಗೋಡೆ ಹಾಕಿದ ದೊಡ್ಡ ಹಿತ್ತಲು. ಪಾರಮ್ಮ ಆ ಮನೆಗೆ ದಿನಾ ಮೊಸರು ಕೊಡಲು ಹೋಗುತ್ತಿದ್ದಳು. ಒಂದು ದಿನ ಬಾಗಿಲು ನೂಕಿ ಒಳಗೆ ಹೋದರೆ, ರಾಜಾಸಾಬನ ಹೆಂಡತಿ ಜುಬೇದಾಬೀ ಹಿತ್ತಲಲ್ಲಿ ಬಾಡಿಗೆಯ ಸೈಕಲ್ಲು ಹತ್ತಿ, ಬಾವಿಯ ಸುತ್ತ ಸುತ್ತುತ್ತಿದ್ದಾಳೆ! ಪಾರಮ್ಮ ಮೊಸರಿನ ಗಡಿಗೆ ಹಿಡಿದುಕೊಂಡೇ ನಿಂತುಬಿಟ್ಟಳು.

"ಬಾಯಿ ಮುಚ್ಚಕ್ಕಾ, ನೊಣ ಹೋದೀತು," ಎಂದು ಜುಬೇದಾಬೀ ಇಳಿದಳು. "ನಮ್ಮನಿಯವರಿಗೆ ಗೊತ್ತೈತಿ. ಗೋಡಿ ಒಳಗ ಏನರ ಮಾಡು ಅಂದಾರ. ನಾನೂ ದಿನಾ ಈ ಬಾವಿ ಸುತ್ತ ವಿಲಾಯತಿಗೆ ಹೋಗಿ ಬರ್ತೀನಿ."

ಹೀಗೆ ಪಾರಮ್ಮನ ಕಲಿಕೆ ಶುರುವಾಯಿತು. ಹೊಲಕ್ಕೆ ಹೋಗುವಾಗಿನಂತೆ ಸೀರೆಗೆ ಕಚ್ಚೆ ಹಾಕಿ, ಬಾವಿಯ ಕಟ್ಟೆಯ ಮೇಲಿಂದ ಕಾಲು ದಾಟಿಸಿ ಕೂರುವಳು. ಜುಬೇದಾಬೀ ಹಿಂದೆ ಹಿಡಿದು ಓಡುವಳು.

"ಕೆಳಗ ನೋಡಬ್ಯಾಡ ಅಕ್ಕಾ, ಮುಂದ ಆ ಬೇವಿನ ಗಿಡ ನೋಡು."

ಪಾರಮ್ಮ ಗಿಡ ನೋಡುತ್ತ ಹೋಗಿ ಗಿಡಕ್ಕೇ ಹಾಯ್ದಳು.

"ನೋಡು ಅಂದ್ರ ಅಪ್ಪಿಕೊ ಅಂದೆನೇನ ನಿನಗ?"

ಮೊಣಕಾಲು ಕಿತ್ತಿತು, ಬಳೆ ಒಡೆಯಿತು, ಸೀರೆಯ ಅಂಚು ಚೈನಿಗೆ ಸಿಕ್ಕು ಹರಿಯಿತು. ಎಮ್ಮೆ ಒದೆಯಿತೆಂದು ದುರುಗವ್ವನಿಗೆ ಸುಳ್ಳು ಹೇಳಿದ್ದಾಯಿತು. ಪಾಪದ ಎಮ್ಮೆ ಆ ತಿಂಗಳು ಬಹಳ ಬೈಗಳು ತಿಂದಿತು. ಕೊನೆಗೊಂದು ದಿನ ಜುಬೇದಾಬೀ ಕೈ ಬಿಟ್ಟದ್ದು ಗೊತ್ತಾಗದೆ ಪಾರಮ್ಮ ಇಡೀ ಹಿತ್ತಲು ಸುತ್ತಿ ಬಂದಳು. ಇಳಿದವಳೇ ಗೋಡೆಯತ್ತ ನೋಡಿದಳು. ಕಲಿಯುವ ಮೊದಲು ಆ ಗೋಡೆ ಇಷ್ಟು ಎತ್ತರ ಕಂಡಿರಲಿಲ್ಲ.

ಗಿರಣಿಯ ಎಂಜಿನ್ನಿನ ಯಾವುದೋ ಭಾಗ ಮುರಿದು, ಅದನ್ನು ಮಾಡಿಸಲು ಹುಲಗಪ್ಪ ರೈಲು ಹತ್ತಿ ಗದಗಿಗೆ ಹೋದ. ದುರುಗವ್ವ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದಳು. ಪಾರಮ್ಮ ಎಮ್ಮೆ ಕರೆದು, ಮೊಸರು ಕೊಡುವ ನೆವದಲ್ಲಿ ಜುಬೇದಾಬೀಗೆ ಒಂದು ಮಾತು ಹೇಳಿ ಬಂದಳು. ಖಣದ ಗಂಟನ್ನು ಹಟ್ಟಿಯಲ್ಲಿದ್ದ ಗಂಡನ ಸೈಕಲ್ಲಿನ ಹಿಂದೆ ಕಟ್ಟಿದಳು. ಸೆರಗು ಹೊದ್ದು, ರಿಪೇರಿಗೆ ಒಯ್ಯುವವಳಂತೆ ಊರು ದಾಟುವ ತನಕ ತಳ್ಳಿಕೊಂಡು ಹೋದಳು. ಕೊನೆಯ ಮನೆ ಹಿಂದೆ ಬಿದ್ದ ಮೇಲೆ ಕಚ್ಚೆ ಹಾಕಿ, ಮೈಲುಗಲ್ಲಿನ ಮೇಲೆ ನಿಂತು ಸೈಕಲ್ಲು ಹತ್ತಿದಳು.

ಅಲ್ಲಿಂದ ಹಿರೇಹಳ್ಳದ ತನಕ ಇಳಿಜಾರು. ಹಿತ್ತಲಿನಲ್ಲಿ ಕಲಿತವಳಿಗೆ ನೆಟ್ಟಗಿನ ದಾರಿ ಹೊಸದು. ತುಳಿದಷ್ಟೂ ಗೋಡೆ ಬರಲಿಲ್ಲ, ಹೊರಳಬೇಕಾಗಲಿಲ್ಲ. ಸೈಕಲ್ಲು ತಾನಾಗಿ ಓಡತೊಡಗಿದಾಗ ಅವಳು ಪೆಡಲ್ ನಿಲ್ಲಿಸಿದಳು. ಸೆರಗು ಜಾರಿ ಗಾಳಿಗೆ ಪಟಪಟ ಬಡಿಯಿತು. ಎಡಕ್ಕೆ ಕಪ್ಪುಮಣ್ಣಿನ ಎರಿಹೊಲ, ಬಲಕ್ಕೆ ಎರಿಹೊಲ, ಆಗತಾನೆ ಎದ್ದ ಸಜ್ಜೆಯ ಮೊಳಕೆ. ಬೇಲಿ ಇರಲಿಲ್ಲ, ಚರ್ಚಿರಲಿಲ್ಲ. ಆದರೂ ಇದು ಅದೇ ಎಂದು ಅವಳ ಮೈಗೆ ಗೊತ್ತಾಯಿತು. ಬಾಯಿಬಿಟ್ಟು ಕೂಗಿದಳು, ಏನು ಕೂಗಿದಳೋ ಅವಳಿಗೇ ತಿಳಿಯದು. ಹಳ್ಳದ ಉಸುಕು ಬಂದದ್ದೇ ಮುಂದಿನ ಗಾಲಿ ಹೂತು, ಪಾರಮ್ಮ ಸೈಕಲ್ಲಿನ ಮೇಲಿಂದ ಹಾರಿ ಮಕಾಡೆ ಬಿದ್ದಳು.

ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಓಡಿ ಬಂದು ಎಬ್ಬಿಸಿದರು.

"ಯಾವೂರಾಕಿ ತಂಗಿ? ಯಾರ ಸೊಸಿ?"

"ಕೊಪ್ಪಳದಾಕಿ. ಯಲಬುರ್ಗಾ ತವರಮನಿ, ಅಲ್ಲಿಗೆ ಹೊಂಟೀನಿ."

"ಅಯ್ಯೋ ಶಿವನೇ, ಯಾರು ತೀರಿಕೊಂಡ್ರು?"

"ಯಾರೂ ತೀರಿಕೊಂಡಿಲ್ಲ. ತಂಗೀನ ನೋಡಾಕ ಹೊಂಟೀನಿ."

"ಗಂಡ ಹೊಡದನೇನ?"

"ಇಲ್ಲವಾ."

"ಮತ್ಯಾಕ ಹಿಂಗ ಹೊಂಟಿ?"

ಸುಮ್ಮನೆ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು, ಹೇಳಲು ಧೈರ್ಯವಾಗಲಿಲ್ಲ. ಹೆಂಗಸರೇ ಸೈಕಲ್ಲು ಎತ್ತಿ ಹಳ್ಳ ದಾಟಿಸಿದರು. ಮುಂದೆ ಕವಲು ಬರುತ್ತದೆ, ಬನ್ನಿ ಗಿಡದ ಬಲಕ್ಕೆ ಹೋಗು, ಎಡಕ್ಕೆ ಹೋದರೆ ಕುಕನೂರು ಎಂದು ಎಲ್ಲರೂ ಒಟ್ಟಿಗೇ ಕೈ ಮಾಡಿ ಹೇಳಿದರು. ಒಬ್ಬಳು ಬುತ್ತಿಯಿಂದ ರೊಟ್ಟಿ ತೆಗೆದು ಕೊಟ್ಟಳು. ಮುಂದಿನ ಪ್ರತಿ ಊರಲ್ಲೂ ಇದೇ. ಅದೇ ಪ್ರಶ್ನೆ, ಅದೇ ಅನುಮಾನ, ಕೊನೆಗೆ ಬೇಡವೆಂದರೂ ದಾರಿ ಹೇಳುವುದು. ಒಂದೂರಿನಲ್ಲಿ ಮುದುಕನೊಬ್ಬ ಊರ ಹೊರಗಿನ ತನಕ ಬಂದು, ಕೋಲು ಎತ್ತಿ ದಿಕ್ಕು ತೋರಿಸಿ, "ಗಂಡಗ ಹೇಳು, ಹಿಂಗ ಒಬ್ಬಾಕಿನ್ನ ಕಳಸಬಾರದು" ಎಂದು ಬೈದೂ ಕಳಿಸಿದ. ಪಾರಮ್ಮನಿಗೆ ಉತ್ತರ ಕೊಟ್ಟು ಕೊಟ್ಟು ಬಾಯಿ ಸೋತಿತು.

ಅರ್ಧ ದಾರಿಗೆ ಜಾಲಿ ಮುಳ್ಳು ಹೊಕ್ಕಿತು. ಹಿಂದಿನ ಗಾಲಿ ಉಸ್ ಎಂದು ಕುಳಿತುಬಿಟ್ಟಿತು. ಜುಬೇದಾಬೀ ಓಡಿಸುವುದು ಕಲಿಸಿದ್ದಳೇ ಹೊರತು ಪಂಕ್ಚರ್ ತೆಗೆಯುವುದನ್ನಲ್ಲ. ಪಾರಮ್ಮ ಮುಳ್ಳು ಕಿತ್ತು ಎಸೆದಳು. ಗಾಲಿಯನ್ನು ಒಮ್ಮೆ ಒದ್ದಳು. ಆಮೇಲೆ ತಳ್ಳತೊಡಗಿದಳು. ಖಾಲಿ ಗಾಡಿಯವನೊಬ್ಬ, "ಹತ್ತಬೇ, ಸೈಕಲ್ಲೂ ಹಾಕೂಣು" ಎಂದ. ಗಾಡಿಗಾಗಿ ಇಷ್ಟು ದಿನ ಕಾದು, ಈಗ ಗಾಡಿ ಹತ್ತಿ ತವರಿಗೆ ಹೋಗುವುದೇ? ಒಲ್ಲೆ ಎಂದಳು. ಗಾಡಿ ಕಣ್ಮರೆಯಾದ ಮೇಲೆ ಅಂಗಾಲು ಸುಡತೊಡಗಿ, ತನ್ನ ಹಟವನ್ನು ತಾನೇ ಶಪಿಸಿಕೊಂಡಳು.

ದನ ಮನೆಗೆ ತಿರುಗುವ ಹೊತ್ತಿಗೆ ತವರು ಮುಟ್ಟಿದಳು. ಅಣ್ಣ ಮುದಿಯಪ್ಪ ಬಾಗಿಲಲ್ಲೇ ತಡೆದ. "ಏನಾತು? ಯಾಕ ಓಡಿ ಬಂದಿ?"

"ಓಡಿ ಬಂದಿಲ್ಲಣ್ಣ. ಕಳಕಿನ್ನ ನೋಡಾಕ ಬಂದೀನಿ."

"ಮಾವ ಎಲ್ಲಿ?"

"ಗದಗಿಗೆ ಹೋಗ್ಯಾರ."

"ಅವ ಇಲ್ಲದಾಗ ಬಂದಿ ಅಂದ್ರ ಓಡಿ ಬಂದಂಗ."

ತಾಯಿ ಮುದುಕಮ್ಮ ಕಿತ್ತ ಮೊಣಕಾಲಿಗೆ ಅರಿಶಿನ ಹಚ್ಚುತ್ತ ಅಳತೊಡಗಿದಳು, ಮಗಳನ್ನು ಗಂಡನ ಮನೆಯವರು ಹೊರಗೆ ಹಾಕಿಯೇ ಬಿಟ್ಟರೆಂಬಂತೆ. ಪಾರಮ್ಮ ಏನು ಹೇಳಿದರೂ ಯಾರೂ ನಂಬಲಿಲ್ಲ. ತಂಗಿಯನ್ನು ನೋಡಬೇಕೆಂದು ಅಕ್ಕ ಬರುವುದು ಅಷ್ಟು ದೊಡ್ಡ ಸುಳ್ಳಿನಂತೆ ಏಕೆ ಕೇಳಿಸುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ. ಕಳಕಮ್ಮ ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಖರೇನ ಸೈಕಲ್ ಮ್ಯಾಲೆ ಬಂದಿ? ನನಗ ಒಂದೀಟು ಹೊಡದು ತೋರಸು."

"ಗಾಳಿ ಹೋಗೇತಿ," ಎಂದಳು ಪಾರಮ್ಮ. ಆ ದಿನ ಅವಳಿಗೆ ಅಳು ಬಂದದ್ದು ಆಗ ಮಾತ್ರ.

ಮರುದಿನ ಮಧ್ಯಾಹ್ನ ಹುಲಗಪ್ಪ ಬಂದ. ಗದಗಿನಿಂದ ತಿರುಗಿ ಬಂದವನಿಗೆ ಜುಬೇದಾಬೀ ಸುದ್ದಿ ಹೇಳಿದ್ದಳು. ಯಾರದೋ ಗಾಡಿ ಹತ್ತಿ, ಸ್ವಲ್ಪ ದೂರ ನಡೆದು, ಧೂಳು ಮೆತ್ತಿಕೊಂಡು ಬಂದಿದ್ದ. ಬೈಗಳಿಗೆ ಸಿದ್ಧಳಾಗಿ ಪಾರಮ್ಮ ಕಂಬದ ಮರೆಯಲ್ಲಿ ನಿಂತಳು. ಮುದಿಯಪ್ಪ, ನೆರೆಯ ನಾಲ್ಕು ಜನ ದೊಡ್ಡವರು ಪಡಸಾಲೆಯಲ್ಲಿ ಕೂತಿದ್ದರು.

"ಮಾವಾ, ನಮ್ಮ ಹುಡಿಗಿ ತಪ್ಪು ಮಾಡ್ಯಾಳ..." ಎಂದು ಮುದಿಯಪ್ಪ ಶುರು ಮಾಡಿದ.

ಹುಲಗಪ್ಪ ಅವರೆಲ್ಲರ ಮುಖ ನೋಡಿದ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಏನ್ ತಪ್ಪು? ನಾನಽ ಕಳಿಸಿದ್ದೆ. ಸೈಕಲ್ ಕಲಿಸಿದಾವನೂ ನಾನಽ. ಇಂಗ್ಲೆಂಡಿನ್ಯಾಗ ಹೆಣ್ಮಕ್ಕಳೆಲ್ಲ ಹೊಡಿತಾರ್ರಿ. ನಾವೂ ಸುಧಾರಿಸಬೇಕಲ್ಲ."

ದೊಡ್ಡವರು ತಲೆದೂಗಿದರು. ಒಬ್ಬರು, "ಇಂಥಾ ಧೈರ್ಯದ ಗಂಡ ಸಿಗೂದು ಕಠಿಣ" ಎಂದರು. ಮುದಿಯಪ್ಪನ ಮುಖ ತಿಳಿಯಾಯಿತು. ಹುಲಗಪ್ಪ ಚಹಾ ಕುಡಿಯುತ್ತ ಹಿರೇಮಾರಡಿಯ ಚರ್ಚಿನ ಕತೆ ತೆಗೆದ.

ಕಂಬದ ಮರೆಯಲ್ಲಿ ಪಾರಮ್ಮನ ಮೈ ಉರಿದುಹೋಯಿತು. ಬೈದಿದ್ದರೆ ತಡೆಯಬಹುದಿತ್ತು. ಬಾವಿ ಸುತ್ತಿದವಳು ಅವಳು, ಬಿದ್ದವಳು ಅವಳು, ಮುಳ್ಳು ಕಿತ್ತವಳು ಅವಳು. ಒಂದು ಬಟ್ಟಲು ಚಹಾ ಮುಗಿಯುವುದರೊಳಗೆ ಅದೆಲ್ಲ ಅವನದಾಗಿಬಿಟ್ಟಿತ್ತು.

ಹುಲಗಪ್ಪ ಪಂಕ್ಚರ್ ಹಾಕಿದ. ತಂಗಿಗೆ ಒಮ್ಮೆ ಓಡಿಸಿ ತೋರಿಸುತ್ತೇನೆಂದು ಪಾರಮ್ಮ ಕೇಳಿದರೆ, "ಬಸುರಿ ಹೆಂಗಸು ಹೆದರ್ಯಾಳು, ನಡಿ" ಎಂದ. ಊರು ದಾಟಿದ ಮೇಲೆ ತಾನು ಮುಂದೆ ಕೂತು, "ಹಿಂದ ಕೂಡು" ಎಂದ.

"ಒಲ್ಲೆ. ನಡಕೊಂತ ಬರ್ತೀನಿ."

"ಹುಚ್ಚಿ, ಎಷ್ಟ ದೂರ ನಡಿತಿ?"

"ಬಂದಷ್ಟಽ ದೂರ. ನೀವು ಯಾವಾಗ ನನ್ನ ಕಳಿಸಿದ್ರಿ? ಯಾವಾಗ ಕಲಿಸಿದ್ರಿ?"

"ನಿನ್ನ ಮಾನ ಉಳಸಾಕ ಹಂಗಂದೆ."

"ನನ್ನ ಮಾನಕ್ಕ ಏನಾಗಿತ್ತು? ನಿಮ್ಮದು ಉಳಸಿಕೊಂಡ್ರಿ."

ಹುಲಗಪ್ಪ ಇಳಿದು ಅವಳ ಜೊತೆ ನಡೆಯತೊಡಗಿದ. ಸೈಕಲ್ಲು ಇಬ್ಬರ ನಡುವೆ ಟಿಕಿಟಿಕಿ ಸದ್ದು ಮಾಡುತ್ತ ಬಂತು. ಅಷ್ಟರಲ್ಲಿ ಮೋಡ ಕವಿದು, ಬಿರುಮಳೆ ಹೊಡೆಯಿತು. ಎರಿಮಣ್ಣು ಸುಮ್ಮನೆ ಬಿಡುವ ಮಣ್ಣಲ್ಲ. ನೋಡುನೋಡುತ್ತ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ಗಾಲಿ ತಿರುಗದಂತಾಯಿತು. ಹುಲಗಪ್ಪ ಕಡ್ಡಿಯಿಂದ ಕೆರೆದ. ಹತ್ತು ಹೆಜ್ಜೆಗೆ ಮತ್ತೆ ಮೆತ್ತಿತು. ಕೊನೆಗೆ ಅವನು ಮುಂದೆ, ಅವಳು ಹಿಂದೆ ಹಿಡಿದು, ಹೆಣ ಹೊತ್ತಂತೆ ಸೈಕಲ್ಲು ಹೊತ್ತರು. ಕಾಲು ಜಾರಿ ಅವನು ಬಿದ್ದಾಗ ಹೂತಿದ್ದ ಕಲ್ಲಿನ ಚೂಪಿಗೆ ಸಿಕ್ಕು ಮುಂದಿನ ಟಯರು ಗೇಣುದ್ದ ಸೀಳಿತು. ಹೊಲದ ಬದುವಿನ ಹುಣಸೆಮರದ ಕೆಳಗೆ ಇಬ್ಬರೂ ಕೂತರು, ನೆತ್ತಿಯಿಂದ ಕಾಲಿನ ತನಕ ಕರ್ರಗೆ.

"ಚಿಕ್ಕಮಾರಡಿಗೆ ಹೋದಾಗೂ ಹಿಂಗಽ ಆಗಿತ್ತೇನ್ರಿ?" ಪಾರಮ್ಮನ ಮಾತಿನಲ್ಲಿ ಖಾರವಿತ್ತು.

ಹುಲಗಪ್ಪ ಎರಡು ಬೆರಳಿಲ್ಲದ ಎಡಗೈಯಿಂದ ಸೀಳಿದ ಟಯರನ್ನು ಸವರಿದ.

"ಚಿಕ್ಕಮಾರಡಿಗೆ ನಾ ಹೋಗಿಲ್ಲ."

"ಏನು?"

"ಹೋಗಿಲ್ಲ. ಹಿರೇಮಾರಡಿಗೂ ಹೋಗಿಲ್ಲ. ಆ ಕಮಾನಿನ ಸೇತುವಿತನಕ ಹೋಗಿದ್ದೆ, ಒಂದ ಸಲ." ಅವನು ಅವಳ ಕಡೆ ನೋಡಲಿಲ್ಲ. "ಲಡಾಯಿ ಕಾಲ ಅದು. ಜರ್ಮನಿಯವರು ಇಳದ್ರ ಅವರಿಗೆ ದಾರಿ ತಿಳಿಬಾರದು ಅಂತ ಊರಿನ ಹೆಸರಿನ ಫಲಕೆಲ್ಲ ಕಿತ್ತು ಹಾಕಿದ್ರು. ಸೇತುವಿ ಹತ್ರ ದಾರಿ ಮೂರಾಗಿತ್ತು, ಪುಸ್ತಕದಾಗ ಎರಡಽ ಇದ್ವು. ಒಬ್ಬಾಕಿ ಹೆಣ್ಮಗಳನ್ನ ಕೇಳಿದೆ. ನನ್ನ ಮಾರಿ ನೋಡಿದಾಕಿನಽ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಳು. ಒಬ್ಬ ರೈತನ್ನ ಕೇಳಿದೆ. ಗೊತ್ತಿಲ್ಲ ಅಂದ. ಅವನ ಊರಽ ಅದು, ಗೊತ್ತಿಲ್ಲ ಅಂದ. ಗುರುತಿಲ್ಲದಾವರಿಗೆ ದಾರಿ ಹೇಳಬಾರದು ಅಂತ ಹುಕುಂ ಇತ್ತಂತ ಅವರಿಗೆ. ಆಮ್ಯಾಗ ಪೊಲೀಸ ಬಂದ. ಕೈಯಾಗ ನಕಾಶಿ ಪುಸ್ತಕ ಬ್ಯಾರೆ ಇತ್ತಲ್ಲ. ಸಂಜಿತನಕ ಕೂಡ್ರಿಸಿ, ಕಾರ್ಖಾನಿಗೆ ಫೋನ್ ಮಾಡಿ ಕೇಳಿ, ಆಮ್ಯಾಗ ಬಿಟ್ಟ. ಮತ್ತ ಈ ಕಡೆ ಬರಬ್ಯಾಡ ಅಂದ. ಅಲ್ಲಿಂದ ಮುಂದ ರವಿವಾರ ಬಂದ್ರ ಖೋಲಿಯಾಗ ಕೂತು ಪುಸ್ತಕ ಓದತಿದ್ದೆ."

ಮಳೆ ಸಣ್ಣದಾಯಿತು. ಹುಣಸೆ ಎಲೆಯಿಂದ ಹನಿ ಬೀಳುತ್ತಿತ್ತು. ಪಾರಮ್ಮನಿಗೆ ಹಳ್ಳದ ಹೆಂಗಸರ ನೆನಪಾಯಿತು, ಕೋಲೆತ್ತಿ ಬೈದು ದಾರಿ ತೋರಿಸಿದ ಮುದುಕನ ನೆನಪಾಯಿತು. ಪರದೇಶದ ಖೋಲಿಯಲ್ಲಿ ಒಬ್ಬನೇ ಕೂತು ನಕಾಶೆಯ ಮೇಲೆ ಬೆರಳಾಡಿಸುತ್ತಿದ್ದ ಗಂಡನನ್ನು ನೆನೆದು ಅವನ ಕೈ ಹಿಡಿಯಬೇಕೆನ್ನಿಸಿತು. ಅದರ ಬೆನ್ನಿಗೇ, ಮಳೆ ಬಿದ್ದ ನೆಲದಿಂದ ಸೆಕೆ ಏಳುವಂತೆ, ಸಿಟ್ಟು ಎದ್ದಿತು.

"ಹಂಗಾದ್ರ ನಿಮಗ ಗೊತ್ತಿತ್ತು," ಎಂದಳು. "ಮುಂದ ದಾರಿ ಕಾಣಸ್ತಿರತೈತಿ, ಹೋಗಬ್ಯಾಡ ಅಂತಾರ. ಅದು ಹೆಂಗ ಅನಸತೈತಿ ಅಂತ ನಿಮಗ ಗೊತ್ತಿತ್ತು. ಗೊತ್ತಿದ್ದೂ ನನಗ ಬಾಗಲಾ ಹಾಕಿದ್ರಿ."

ಅವನ ಉತ್ತರಕ್ಕೆ ಕಾಯದೆ ಎದ್ದು ಸೈಕಲ್ಲಿನ ಹಿಂಬದಿ ಎತ್ತಿ ಹಿಡಿದಳು.

ಮನೆಯಲ್ಲಿ ದುರುಗವ್ವ ವಾರಗಟ್ಟಲೆ ಬೈದಳು. ಹುಲಗಪ್ಪ ತಾಯಿಗೆ ಎದುರಾಡಲಿಲ್ಲ, ಹೆಂಡತಿಗೂ ಬೈಯಲಿಲ್ಲ. ಕಟ್ಟೆಯವರು ಬಂದು ಕೇಳಿದರೆ ಪುಸ್ತಕ ಸಿಗುತ್ತಿಲ್ಲ ಎನ್ನುತ್ತಿದ್ದ. ಅವನೇನೋ ಮೆತ್ತಗಾದ ಎಂದು ಪಾರಮ್ಮನಿಗೆ ಅನ್ನಿಸಿತು. ಆದರೆ ಏನು ಬಂತು? ರಬ್ಬರೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಹೊಸ ಟಯರು ಹುಬ್ಬಳ್ಳಿಯಲ್ಲೂ ಇರಲಿಲ್ಲ, ಬಳ್ಳಾರಿಯಲ್ಲೂ ಇರಲಿಲ್ಲ. ಗಂಡ ಒಪ್ಪಿಯಾನು ಎನ್ನುವಾಗ ಸೈಕಲ್ಲು ಒಪ್ಪಲಿಲ್ಲ. ಅದು ಸೀಳಿದ ಟಯರು ಜೋಲಿಸಿಕೊಂಡು ಹಟ್ಟಿಯಲ್ಲಿ ನಿಂತಿತು. ಕೋಳಿ ಅದರ ಸೀಟಿನ ಮೇಲೆ ಕೂರತೊಡಗಿತು.

ಕಳಕಮ್ಮ ಗಂಡುಮಗು ಹೆತ್ತಳು. ಹೆಸರಿಡುವ ತೊಟ್ಟಿಲಿಗೆ ಹೇಳಿಕೆ ಬಂತು. ಈ ಸಲ ಸಜ್ಜೆಯ ಸುಗ್ಗಿ. ಮತ್ತೆ ಎತ್ತಿಲ್ಲ, ಗಾಡಿಯಿಲ್ಲ. ಪಾರಮ್ಮ ಕೇಳಲೂ ಇಲ್ಲ, ನಡೆದೇ ಹೋಗುವುದೆಂದು ಬುತ್ತಿ ಕಟ್ಟಿದಳು. ಹೊರಡುವ ಬೆಳಗ್ಗೆ ಹುಲಗಪ್ಪ ಸೈಕಲ್ಲನ್ನು ಬಾಗಿಲಿಗೆ ತಂದ. ರಾಜಾಸಾಬನೂ ಅವನೂ ಕೂಡಿ ಮುಂದಿನ ಟಯರಿಗೆ ಹಳೆಯ ಅರಿವೆ, ಹುಲ್ಲು ತುರುಕಿ ದಾರದಿಂದ ಬಿಗಿದಿದ್ದರು.

"ಊರು ದಾಟೂತನಕ ನಾ ತಳ್ಳಿಕೊಂಡು ಬರತೀನಿ," ಎಂದ. "ಆಮ್ಯಾಗ ನೀ ಹತ್ತು."

"ಊರಾಗ ಯಾಕ ಬ್ಯಾಡ?"

ಹುಲಗಪ್ಪ ಓಣಿಯ ಆ ತುದಿ ಈ ತುದಿ ನೋಡಿದ. "ಒಮ್ಮಿಗೇ ಎಲ್ಲಾ ಆಗಂಗಿಲ್ಲ ಪಾರೀ."

ಅರ್ಧ ಬಾಗಿಲು ತೆರೆದದ್ದಕ್ಕೆ ಸಂತೋಷಪಡಬೇಕೋ ಇನ್ನರ್ಧಕ್ಕೆ ಜಗಳಾಡಬೇಕೋ ಅವಳಿಗೆ ತಿಳಿಯಲಿಲ್ಲ. ಹೊತ್ತಾಗುತ್ತಿತ್ತು. ಸುಮ್ಮನೆ ಹಿಂದೆ ನಡೆದಳು. ಊರು ದಾಟಿದ ಮೇಲೆ ಸೈಕಲ್ಲನ್ನು ಅವನ ಕೈಯಿಂದ ತೆಗೆದುಕೊಂಡು ಹತ್ತಿದಳು. ಅರಿವೆ ತುಂಬಿದ ಗಾಲಿ ಧಡ್ ಧಡ್ ಎಂದು ಎತ್ತಿನ ಗಾಡಿಗಿಂತ ಕೆಟ್ಟದಾಗಿ ಕುಕ್ಕುತ್ತಿತ್ತು, ಹಲ್ಲಿಗೆ ಹಲ್ಲು ತಾಗುತ್ತಿತ್ತು. ಇಳಿಜಾರಿನಲ್ಲೂ ತುಳಿಯಬೇಕಾಯಿತು.

"ನಿಂದರ, ಪಾರೀ, ನಾನೂ ಬರತೀನಿ!" ಹಿಂದಿನಿಂದ ಹುಲಗಪ್ಪ ಓಡುತ್ತ ಕೂಗಿದ.

ಅವಳಿಗೆ ಕೇಳಿಸಿತು. ನಿಲ್ಲಲಿಲ್ಲ. ಹಳ್ಳ ಕಾಣುವ ತನಕ ತುಳಿದಳು, ಅಲ್ಲಿ ದಾರ ಹರಿದು, ಹುಲ್ಲು ಅರಿವೆಗಳೆಲ್ಲ ಕರುಳಿನಂತೆ ದಾರಿಯುದ್ದ ಚೆಲ್ಲಿಕೊಂಡವು. ಪಾರಮ್ಮ "ಥೂ" ಎಂದು ಇಳಿದು, ದಾರಿಯ ಮೇಲೇ ಕುಕ್ಕುರುಗಾಲಲ್ಲಿ ಕೂತು, ಹಲ್ಲು ಕಚ್ಚಿ ಒಂದೊಂದೇ ಅರಿವೆ ಹೆಕ್ಕಿ ಟಯರಿನೊಳಗೆ ತುರುಕತೊಡಗಿದಳು.